ಮನೆಯಲ್ಲಿ ಹಿರಿಯರು ಲಿಂಗೈಕ್ಯರಾದಾಗ: ಮೊದಲ ಕೆಲವು ತಾಸುಗಳು



ನಮ್ಮ ವಾರ್ಡುಗಳಿಂದ ಕೆಲವು ಹಿರಿಯರನ್ನು ಮನೆಯವರೇ ಕೇಳಿಕೊಂಡು ಮನೆಗೆ ಕರೆದುಕೊಂಡು ಹೋಗುತ್ತಾರೆ. ಕ್ಯಾನ್ಸರ್ ಕೊನೆಯ ಹಂತಕ್ಕೆ ಬಂದಿರುತ್ತದೆ, ಇಲ್ಲವೇ ಎರಡನೆಯ ಸಲ ಲಕ್ವಾ ಹೊಡೆದಿರುತ್ತದೆ, ಇಲ್ಲವೇ ಕಿಡ್ನಿ ಪೂರ್ತಿ ಕೈಬಿಟ್ಟಿರುತ್ತದೆ. "ಇನ್ನ ಮನ್ಯಾಗ ಇರಲಿರಿ ಸಿಸ್ಟರ್, ತನ್ನ ಹಾಸಿಗಿ ಮ್ಯಾಲ ಹೋಗಲಿ" ಎನ್ನುತ್ತಾರೆ. ಇದು ತಪ್ಪಲ್ಲ. ವೈದ್ಯರು ಮಾಡುವುದು ಏನೂ ಉಳಿದಿಲ್ಲದಾಗ ತನ್ನವರ ನಡುವೆ ಇರುವುದೇ ರೋಗಿಗೆ ಹಿತ. ಹೋಗುವ ದಿನ ನಾವು ನಿಮಗೆ ಮೂಗಿನ ನಳಿಕೆಯಲ್ಲಿ ಗಂಜಿ ಹಾಕುವುದು, ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸುವುದು, ಹಾಸಿಗೆ ಹುಣ್ಣಿಗೆ ಪಟ್ಟಿ ಕಟ್ಟುವುದು ಎಲ್ಲವನ್ನೂ ಕಲಿಸುತ್ತೇವೆ. ಆದರೆ ಉಸಿರು ನಿಂತ ಮೇಲೆ ಏನು ಮಾಡಬೇಕೆಂದು ನೀವು ಕೇಳುವುದಿಲ್ಲ, ಕೇಳದೆ ಹೇಳಲು ನಮಗೂ ಬಾಯಿ ಬರುವುದಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಮನೆಯವರ ವಿಷಯ ಹೇಳುತ್ತೇನೆ. ಅಜ್ಜಿಯನ್ನು ಹೀಗೆಯೇ ಊರಿಗೆ ಕರೆದೊಯ್ದಿದ್ದರು. ಒಂಬತ್ತನೆಯ ದಿನ ನಡುರಾತ್ರಿ ಉಸಿರು ನಿಂತಿತು. ಮೈ ಇನ್ನೂ ಬೆಚ್ಚಗಿದೆ, ಜೀವ ಇರಬಹುದು ಎಂದು ಮಕ್ಕಳು ಗಾಬರಿಯಾಗಿ ಟೆಂಪೋದಲ್ಲಿ ಮಲಗಿಸಿಕೊಂಡು ನಲವತ್ತು ಕಿಲೋಮೀಟರ್ ದೂರದ ಆಸ್ಪತ್ರೆಗೆ ಓಡಿದರು. ಅವಸರದಲ್ಲಿ ಚಿಕಿತ್ಸೆಯ ಫೈಲು ಮನೆಯಲ್ಲೇ ಉಳಿಯಿತು. ಕರೆತರುವ ಮೊದಲೇ ತೀರಿಕೊಂಡವರು, ಕಾಯಿಲೆ ಏನೆಂಬ ಕಾಗದವಿಲ್ಲ, ಅಲ್ಲಿಯ ವೈದ್ಯರು ನಿಯಮದಂತೆ ಪೊಲೀಸರಿಗೆ ತಿಳಿಸಬೇಕಾಯಿತು. ಶರೀರ ಕೈಗೆ ಸಿಕ್ಕು ಊರು ಮುಟ್ಟುವಷ್ಟರಲ್ಲಿ ಮರುದಿನ ಸಂಜೆ. ಅಷ್ಟರಲ್ಲಿ ಮೈ ಸೆಟೆದುಕೊಂಡಿತ್ತು, ಕೂಡಿಸಲು ಆಗಲಿಲ್ಲ. ಆಮೇಲೊಮ್ಮೆ ತನ್ನ ಕೈ ಮುರಿತಕ್ಕೆ ಬಂದಿದ್ದ ಮೊಮ್ಮಗ ಹೇಳಿದ: "ಆಯಿ ಮನ್ಯಾಗ ಹೋಗಲಿ ಅಂತ ಕರಕೊಂಡು ಹೋದ್ವಿ ಅಕ್ಕಾರ, ಕಡೀಕ ಆಕೀನ್ನ ಟೆಂಪೋದಾಗ ಊರೂರು ತಿರುಗಿಸಿದ್ವಿ."

ಆ ರಾತ್ರಿ ಅವರು ಓಡುವ ಅಗತ್ಯವೇ ಇರಲಿಲ್ಲ. ನಿರೀಕ್ಷಿಸಿದ್ದ ಸಾವು ಮನೆಯಲ್ಲಿ ಆದಾಗ ಮೊದಲ ಅರ್ಧ ತಾಸು ಮಾಡಬೇಕಾದ ತುರ್ತು ಕೆಲಸ ಯಾವುದೂ ಇಲ್ಲ. ಪಕ್ಕದಲ್ಲಿ ಕೂಡಿರಿ. ಕೈ ಹಿಡಿದುಕೊಳ್ಳಿರಿ. ಅಳು ಬಂದರೆ ಅಳಿರಿ.

ಓಡಲೇಬೇಕಾದ ಸಂದರ್ಭ

ಈ ಮಾತು ಎಲ್ಲ ಸಾವಿಗೂ ಸಲ್ಲುವುದಿಲ್ಲ. ನಿನ್ನೆಯವರೆಗೆ ಚೆನ್ನಾಗಿದ್ದವರು ಇದ್ದಕ್ಕಿದ್ದಂತೆ ಕುಸಿದು ಬಿದ್ದರೆ ಕೂಡಲೇ 108ಕ್ಕೆ ಫೋನ್ ಮಾಡಿರಿ. ಉಸಿರಾಟ ಇಲ್ಲದಿದ್ದರೆ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, ನಿಮಿಷಕ್ಕೆ 100ರಿಂದ 120 ಸಲ ಜೋರಾಗಿ ಒತ್ತುತ್ತಿರಿ. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿರಿ.

ಹಾವು ಕಡಿತ, ಕರೆಂಟು, ಸಿಡಿಲು, ಬಾವಿ, ಬೆಂಕಿ, ವಿಷ, ನೇಣು, ಮೇಲಿನಿಂದ ಬಿದ್ದದ್ದು, ಇಂಥ ಸಂದರ್ಭದಲ್ಲಿ ಜೀವದ ಸೂಚನೆ ಸ್ವಲ್ಪ ಇದ್ದರೂ ಮೊದಲು 108. ಕರೆಂಟು ತಗುಲಿದ್ದರೆ ಮೇನ್ ಸ್ವಿಚ್ ಆರಿಸದೆ ಮುಟ್ಟಬೇಡಿರಿ. ಜೀವ ಹೋಗಿರುವುದು ಖಚಿತವಾದರೆ ಮೈ ತೊಳೆಯಬೇಡಿರಿ, ಬಟ್ಟೆ ಬದಲಿಸಬೇಡಿರಿ, 112ಕ್ಕೆ ಇಲ್ಲವೇ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿರಿ. "ಪೊಲೀಸರ ಕಾಟ ಯಾಕೆ" ಎಂದು ಮುಚ್ಚಿಟ್ಟು ಮಣ್ಣು ಮಾಡಿದ ಮನೆಗಳಿವೆ. ಮುಂದೆ ವಿಮೆ, ಸರ್ಕಾರದ ಪರಿಹಾರ ಕೇಳಲು ಹೋದಾಗ ಪೊಲೀಸ್ ವರದಿ ಮತ್ತು ಮರಣೋತ್ತರ ಪರೀಕ್ಷೆಯ ವರದಿ ಕೇಳುತ್ತಾರೆ. ಆಗ ತರುವುದೆಲ್ಲಿಂದ?

ಇನ್ನು ಮುಂದೆ ಬರೆಯುವುದು ಕಾಯಿಲೆಯಿಂದ, ವಯಸ್ಸಿನಿಂದ, ತಿಳಿದೇ ಕಾಯುತ್ತಿದ್ದ ಸಾವಿನ ಬಗ್ಗೆ.

ಉಸಿರು ನಿಂತಿದೆಯೆಂದು ತಿಳಿಯುವುದು ಹೇಗೆ

ಕೊನೆಯ ದಿನ ಕೈಕಾಲು ತಣ್ಣಗಾಗುತ್ತವೆ, ಮೊಣಕಾಲಿನ ಸುತ್ತ ಚರ್ಮ ನೀಲಿ ಮಚ್ಚೆ ಮಚ್ಚೆಯಾಗುತ್ತದೆ, ಗಂಟಲಲ್ಲಿ ಗೊರಗೊರ ಸದ್ದು ಬರುತ್ತದೆ. ಉಸಿರು ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ ನಡೆದು, ನಡುವೆ ಅರ್ಧ ನಿಮಿಷ ನಿಂತೇಬಿಟ್ಟು ಮತ್ತೆ ಬರುತ್ತದೆ. ಈ ಹೊತ್ತಿನಲ್ಲಿ ಬಾಯಿಗೆ ನೀರು ಸುರಿಯಬೇಡಿರಿ, ಅದು ಶ್ವಾಸನಾಳಕ್ಕೆ ಇಳಿದು ಕೊನೆಯ ಗಳಿಗೆಯನ್ನು ಕಷ್ಟ ಮಾಡುತ್ತದೆ. ಪಾದೋದಕ ಕೊಡುವುದಾದರೆ ಹತ್ತಿಯಲ್ಲಿ ಅದ್ದಿ ಒಂದೆರಡು ಹನಿ ತುಟಿಗೆ, ನಾಲಿಗೆಗೆ ತಾಗಿಸಿರಿ. ಬಂದವರೆಲ್ಲ ಒಂದೊಂದು ಚಮಚ ಹಾಕುವುದು ಬೇಡ.

ಉಸಿರು ನಿಂತಂತೆ ಕಂಡಾಗ ಗಡಿಯಾರ ನೋಡಿಕೊಂಡು ಪೂರ್ತಿ ಎರಡು ಮೂರು ನಿಮಿಷ ಎದೆ ಏಳುವುದೇ ಎಂದು ನೋಡಿರಿ. ಕುತ್ತಿಗೆಯಲ್ಲಿ, ಗಂಟಲ ಉಬ್ಬಿನ ಪಕ್ಕದ ತಗ್ಗಿನಲ್ಲಿ, ತೋರುಬೆರಳು ಮತ್ತು ನಡುಬೆರಳು ಇಟ್ಟು ನಾಡಿ ನೋಡಿರಿ. ಹೆಬ್ಬೆರಳಿನಿಂದ ನೋಡಬಾರದು, ಅದರಲ್ಲಿ ನಮ್ಮದೇ ನಾಡಿ ಬಡಿಯುತ್ತಿರುತ್ತದೆ. ನಮ್ಮಪ್ಪ ತೀರಿಕೊಂಡಾಗ ನಾನು ಎಂಟು ವರ್ಷ ಕೆಲಸ ಮಾಡಿದ ನರ್ಸ್ ಆಗಿದ್ದೆ. ಆದರೂ ಆ ಗಾಬರಿಯಲ್ಲಿ ಹೆಬ್ಬೆರಳು ಒತ್ತಿ "ನಾಡಿ ಐತಿ, ನಾಡಿ ಐತಿ" ಎಂದು ಕೂಗಿದೆ. ಅವ್ವನಿಗೆ ಹತ್ತು ನಿಮಿಷ ಸುಳ್ಳು ಆಸೆ ಹುಟ್ಟಿಸಿದೆ. ಆದ್ದರಿಂದಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕರೆದರೆ ಓಗೊಡುವುದಿಲ್ಲ, ಟಾರ್ಚ್ ಬಿಟ್ಟರೆ ಕಣ್ಣಿನ ಪಾಪೆ ಕಿರಿದಾಗುವುದಿಲ್ಲ, ದವಡೆ ಸಡಿಲಾಗಿ ಬಾಯಿ ತೆರೆದಿರುತ್ತದೆ, ಬಟ್ಟೆಯಲ್ಲಿ ಮೂತ್ರ ಹೋಗಿರಬಹುದು. ಮೈ ಬೆಚ್ಚಗಿರುವುದು ಜೀವದ ಗುರುತಲ್ಲ. ಶರೀರ ಆರಲು ಹಲವು ತಾಸು ಬೇಕು, ನಮ್ಮ ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಮಗ್ಗಲು ಹೊರಳಿಸಿದಾಗ ಎದೆಯಲ್ಲಿದ್ದ ಗಾಳಿ ಹೊರಬಂದು ನಿಟ್ಟುಸಿರಿನಂತೆ ಕೇಳಿಸುತ್ತದೆ. ಅದಕ್ಕೂ ಹೆದರಬೇಡಿರಿ. ಉಸಿರು ನಿಂತ ವೇಳೆಯನ್ನು ಒಂದು ಚೀಟಿಯಲ್ಲಿ ಬರೆದಿಡಿರಿ, ಮುಂದೆ ಎಲ್ಲರೂ ಕೇಳುತ್ತಾರೆ.

ಯಾರಿಗೆ ತಿಳಿಸಬೇಕು

ಚಿಕಿತ್ಸೆ ಮಾಡುತ್ತಿದ್ದ ವೈದ್ಯರಿಗೆ, ಇಲ್ಲವೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಹೇಳಿಕಳುಹಿಸಿರಿ. ಅವರು ಬಂದು ನೋಡಿ ಸಾವು ಖಚಿತ ಮಾಡಬೇಕು. ಕೊನೆಯ ಕಾಯಿಲೆಯಲ್ಲಿ ನೋಡಿಕೊಂಡ ವೈದ್ಯರು ಮರಣದ ಕಾರಣ ಬರೆದ ಪ್ರಮಾಣ ಪತ್ರವನ್ನು ಹಣ ತೆಗೆದುಕೊಳ್ಳದೆ ಕೊಡಬೇಕೆಂದು 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿಯೇ ಇದೆ. ವೈದ್ಯರ ಮುಂದೆ ಫೈಲು, ಡಿಸ್ಚಾರ್ಜ್ ಕಾರ್ಡು, ಕೊನೆಯ ಔಷಧಿ ಚೀಟಿ ಇಡಿರಿ. ಊರಲ್ಲಿ ಇಂಜೆಕ್ಷನ್ ಕೊಡುವವರೆಲ್ಲ ಈ ಪತ್ರ ಬರೆಯಲಾಗದು, ನೋಂದಣಿಯಾದ ವೈದ್ಯರೇ ಆಗಬೇಕು.

ರಾತ್ರಿ ಹನ್ನೆರಡಕ್ಕೆ ಆದರೆ ಬೆಳಗಿನವರೆಗೆ ಕಾಯಬಹುದು. 108 ವಾಹನ ಜೀವ ಇರುವವರಿಗಾಗಿ, ಶರೀರ ಸಾಗಿಸಲು ಅದನ್ನು ಕರೆಯಬೇಡಿರಿ. ಪಟ್ಟಣದಲ್ಲಿರುವ ಮಗಳ ಮನೆಯಲ್ಲಿ ತೀರಿಕೊಂಡವರನ್ನು ಊರಿಗೆ ಒಯ್ಯುವುದಾದರೆ ಬೇರೆ ವಾಹನ ಮಾಡಿಕೊಂಡು, ವೈದ್ಯರ ಪತ್ರವನ್ನು ಜೊತೆಯಲ್ಲೇ ಇಟ್ಟುಕೊಂಡು ಹೊರಡಿರಿ.

ಶರೀರದ ಆರೈಕೆ

ನಮ್ಮ ಆಸ್ಪತ್ರೆಗೆ ಎಲ್ಲ ಜಾತಿ ಧರ್ಮದವರೂ ಬರುತ್ತೀರಿ. ನಿಮ್ಮ ನಿಮ್ಮ ಪದ್ಧತಿಯಂತೆ ಮಾಡುವುದು ನಿಮಗೆ ಗೊತ್ತು. ನಾನು ಹೇಳುವುದು ಅದಕ್ಕೆ ಮುಂಚಿನ ಶುಶ್ರೂಷೆ. ನಾವು ನರ್ಸುಗಳು ಇದನ್ನು ರೋಗಿಗೆ ಮಾಡುವ ಕೊನೆಯ ಸೇವೆ ಎಂದೇ ಕಲಿತಿದ್ದೇವೆ, ಆದರೆ ಮನೆಯವರ ಕೈಯಲ್ಲಿ ಆದರೆ ಅದಕ್ಕೆ ಬೇರೆಯೇ ಬೆಲೆ. ಬಸವಾದಿ ಶರಣರು ಮರಣದ ಸೂತಕವನ್ನು ಒಪ್ಪಲಿಲ್ಲ. ಹೆಣ್ಣುಮಕ್ಕಳು ಮುಟ್ಟಬಹುದೇ ಎಂದು ಲಿಂಗಾಯತ ಮನೆಗಳಲ್ಲೇ ಕೇಳುವುದನ್ನು ಕಂಡಾಗ ನನಗೆ ಆಶ್ಚರ್ಯವಾಗುತ್ತದೆ. ವರ್ಷಗಟ್ಟಲೆ ಮಲ ಮೂತ್ರ ಬಳಿದವರು ಅವರೇ ಅಲ್ಲವೇ?

ಅಂಗಾತ ಮಲಗಿಸಿ ತಲೆದಿಂಬು ಇರಲಿ. ರೆಪ್ಪೆಗಳನ್ನು ಬೆರಳ ತುದಿಯಿಂದ ಮುಚ್ಚಿ ಒಂದು ನಿಮಿಷ ಹಿಡಿಯಿರಿ, ನಿಲ್ಲದಿದ್ದರೆ ಮೇಲೆ ಒದ್ದೆ ಹತ್ತಿ ಇಡಿರಿ. ಕಟ್ಟಿಸಿದ ಹಲ್ಲಿನ ಸೆಟ್ ಇದ್ದರೆ ಆಗಲೇ ಹಾಕಿರಿ, ತಡವಾದರೆ ಬಾಯಿ ತೆರೆಯುವುದಿಲ್ಲ. ಟವೆಲ್ ಸುತ್ತಿ ಗದ್ದದ ಕೆಳಗೆ ಕೊಟ್ಟರೆ ಬಾಯಿ ಮುಚ್ಚಿ ನಿಲ್ಲುತ್ತದೆ.

ಮೂತ್ರದ ನಳಿಕೆಯನ್ನು ಜಗ್ಗಬೇಡಿರಿ. ಒಳಗೆ ನೀರು ತುಂಬಿದ ಪುಟ್ಟ ಬಲೂನು ಇರುತ್ತದೆ. ಪಕ್ಕದ ಬಣ್ಣದ ಕವಲಿಗೆ ಸಿರಿಂಜು ಹಚ್ಚಿ ಆ ನೀರನ್ನು ಪೂರ್ತಿ ಎಳೆದ ಮೇಲೆ ನಳಿಕೆ ತಾನೇ ಜಾರಿ ಬರುತ್ತದೆ. ಮೂಗಿನ ನಳಿಕೆ ತೆಗೆಯುವ ಮುನ್ನ ಹೊಟ್ಟೆಯಲ್ಲಿ ಉಳಿದ ಗಂಜಿಯನ್ನು ಅದೇ ನಳಿಕೆಯಿಂದ ಎಳೆದುಬಿಡಿರಿ. ಇಲ್ಲದಿದ್ದರೆ ಶರೀರವನ್ನು ಎತ್ತಿ ಕೂಡಿಸಿದಾಗ ಜನರ ಮುಂದೆ ಬಾಯಿಂದ ಹೊರಬರುತ್ತದೆ. ಇದನ್ನು ಮಾಡಲು ಧೈರ್ಯವಾಗದಿದ್ದರೆ ಊರಿನ ಆರೋಗ್ಯ ಸಹಾಯಕಿಯನ್ನು ಕರೆಯಿರಿ. ಹುಣ್ಣುಗಳಿಗೆ ಹೊಸ ಹತ್ತಿ ಪಟ್ಟಿ ಕಟ್ಟಿ, ಕೆಳಗೆ ಡಯಾಪರ್ ಹಾಕಿ, ಆಮೇಲೆ ಮೈ ತೊಳೆಯಿರಿ. ಕಾಮಾಲೆ, ಎಚ್‌ಐವಿ, ಕ್ಷಯ ಇದ್ದವರಾದರೆ ಕೈಗೆ ಗ್ಲೌಸ್, ಬಾಯಿಗೆ ಮಾಸ್ಕ್ ಹಾಕಿಕೊಂಡು ತೊಳೆದರೆ ಸಾಕು, ದೂರ ನಿಲ್ಲಬೇಕಾಗಿಲ್ಲ.

ಒಡವೆ ತೆಗೆಯುವಾಗ ಇಬ್ಬರು ಹಿರಿಯರು ಎದುರಿಗಿರಲಿ, ಬರೆದಿಡಿರಿ. ಇಷ್ಟಲಿಂಗ ಕೊರಳಲ್ಲೇ ಇರಲಿ. ಎಕ್ಸ್‌ರೇ, ಸ್ಕ್ಯಾನ್ ಮಾಡುವಾಗ ಕರಡಿಗೆ ತೆಗೆಸಿರುತ್ತೇವೆ. ಅದು ಎಷ್ಟೋ ಸಲ ಡಿಸ್ಚಾರ್ಜ್ ಚೀಲದ ತಳದಲ್ಲಿ ಔಷಧಿ ಡಬ್ಬಿಗಳ ಜೊತೆ ಉಳಿದಿರುತ್ತದೆ. ಹುಡುಕಿ ನೋಡಿರಿ. ಎದೆಯಲ್ಲಿ ಪೇಸ್‌ಮೇಕರ್ ಇದ್ದವರನ್ನು ದಹನ ಮಾಡುವುದಾದರೆ ವೈದ್ಯರಿಗೆ ಹೇಳಿ ತೆಗೆಸಬೇಕು, ಬೆಂಕಿಯಲ್ಲಿ ಅದು ಸಿಡಿಯುತ್ತದೆ. ಮಣ್ಣು ಮಾಡುವವರಿಗೆ ಈ ತೊಂದರೆ ಇಲ್ಲ.

ಇನ್ನೊಂದು ಮಾತು ಬಿಡುವಂತಿಲ್ಲ. ಉಸಿರು ನಿಂತ ಒಂದೆರಡು ತಾಸಿನಲ್ಲಿ ರಕ್ತ ಕೆಳಭಾಗಕ್ಕೆ ಇಳಿದು, ಅಂಗಾತ ಮಲಗಿದವರ ಬೆನ್ನು, ತೊಡೆಯ ಹಿಂಭಾಗ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಇದು ಎಲ್ಲರಿಗೂ ಆಗುವುದು. ಮೈ ತೊಳೆಯುವಾಗ ಇದನ್ನು ಕಂಡ ದೂರದ ಬಂಧುಗಳು "ಹೊಡೆದಾರ" ಎಂದು ಪಿಸುಗುಟ್ಟಿ, ಹಗಲಿರುಳು ನೋಡಿಕೊಂಡ ಸೊಸೆಯ ಮೇಲೆ ಅನುಮಾನ ಪಟ್ಟದ್ದನ್ನು ನಾನು ಕೇಳಿದ್ದೇನೆ. ಅಂಥ ಮಾತು ಬಂದರೆ ಈ ಪುಟವನ್ನು ತೋರಿಸಿರಿ.

ಕೂಡಿಸುವ ವಿಷಯ

ಲಿಂಗಾಯತರಲ್ಲಿ ಸಮಾಧಿಗೆ ಪದ್ಮಾಸನದಲ್ಲಿ ಕೂಡಿಸುವ ಪದ್ಧತಿ ಹೆಚ್ಚು. ಇದಕ್ಕೆ ಮಾತ್ರ ಸಮಯದ ಲೆಕ್ಕ ಬೇಕು. ಸುಮಾರು 2–3 ತಾಸಿನಲ್ಲಿ ದವಡೆ, ಕುತ್ತಿಗೆ ಬಿಗಿಯಾಗತೊಡಗಿ, ಆಮೇಲೆ ಕೈಕಾಲುಗಳಿಗೆ ಇಳಿದು, 12 ತಾಸಿನೊಳಗೆ ಇಡೀ ಶರೀರ ಕಟ್ಟಿಗೆಯಂತಾಗುತ್ತದೆ. ಬಿಸಿಲುಗಾಲದಲ್ಲಿ ಇನ್ನೂ ಬೇಗ. ಆದ್ದರಿಂದ ಮೈ ತೊಳೆದು ಪಟ್ಟಿ ಕಟ್ಟಿ ಮುಗಿಸಿ, ಮೊದಲ ಎರಡು ತಾಸಿನಲ್ಲೇ ಕೂಡಿಸಿರಿ. ಬೆನ್ನಿಗೆ ಹಲಗೆ ಇಲ್ಲವೇ ಗೋಡೆ, ಎರಡೂ ಮಗ್ಗಲಿಗೆ ದಿಂಬು, ಎದೆಗೆ ಅಗಲವಾದ ಬಟ್ಟೆ. ಹಗ್ಗ ಬೇಡ, ಚರ್ಮದಲ್ಲಿ ಗೆರೆ ಮೂಡುತ್ತದೆ. ಲಕ್ವಾದಿಂದ ಮೊದಲೇ ಸೆಟೆದ ಕಾಲು ಪೂರ್ತಿ ಮಡಚದು, ಬಂದಷ್ಟೇ ಮಡಚಿರಿ.

ಮೈ ಸೆಟೆದ ಮೇಲೆ ತಿಳಿದರೆ? ಬಿಸಿನೀರಿನ ಬಟ್ಟೆಯಿಂದ ಕೀಲನ್ನು ನೀವುತ್ತಾ ಮೆಲ್ಲಗೆ ಮಡಚಿ ನೋಡಬಹುದು. ಬಾರದಿದ್ದರೆ ಬಿಟ್ಟುಬಿಡಿರಿ. ಇಬ್ಬರು ಮೂವರು ಸೇರಿ ಮೊಣಕಾಲಿನ ಮೇಲೆ ಭಾರ ಹಾಕಿ ಒತ್ತುವುದನ್ನು ನೋಡಿದ್ದೇನೆ. ಆಗ ಬರುವ ಸದ್ದನ್ನು ಬಾಗಿಲಲ್ಲಿ ನಿಂತ ಮೊಮ್ಮಕ್ಕಳು ಮರೆಯುವುದಿಲ್ಲ. ಆ ಸೆಟೆತ ಒಂದು ದಿನ ಕಳೆದ ಮೇಲೆ ತಾನೇ ಸಡಿಲಾಗುತ್ತದೆ, ಆದರೆ ನಮ್ಮ ಹವೆಯಲ್ಲಿ ಐಸ್ ಪೆಟ್ಟಿಗೆ ಇಲ್ಲದೆ ಅಷ್ಟು ಹೊತ್ತು ಇಡಲಾಗದು. ಮಲಗಿಸಿಯೇ ಸಮಾಧಿ ಮಾಡುವ ಬಗ್ಗೆ ನಿಮ್ಮ ಮನೆಯ ಜಂಗಮರನ್ನು, ಮಠದವರನ್ನು ಕೇಳಿರಿ.

ಕಣ್ಣುಗಳು

ಕಣ್ಣು ದಾನ ಮಾಡುವುದಾದರೆ ಉಸಿರು ನಿಂತ 6 ತಾಸಿನೊಳಗೆ ಆಗಬೇಕು. ಕೂಡಲೇ ನೇತ್ರ ಬ್ಯಾಂಕಿಗೆ ಫೋನ್ ಮಾಡಿ, ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಟ್ಟು, ತಲೆ ಸ್ವಲ್ಪ ಎತ್ತರದಲ್ಲಿಡಿರಿ. ಅವರೇ ಮನೆಗೆ ಬರುತ್ತಾರೆ, ಅರ್ಧ ತಾಸಿನ ಕೆಲಸ, ಮುಖ ಕೆಡುವುದಿಲ್ಲ. ಕೂಡಿಸಿದ ಮೇಲೂ ತೆಗೆಯಬಹುದು. ಕನ್ನಡಕ, ಸಕ್ಕರೆ ಕಾಯಿಲೆ, ಬಿಪಿ, ಪೊರೆಯ ಆಪರೇಷನ್ ಯಾವುದೂ ಅಡ್ಡಿಯಲ್ಲ. ಎಚ್‌ಐವಿ, ಕಾಮಾಲೆ ಬಿ ಮತ್ತು ಸಿ, ಹುಚ್ಚುನಾಯಿ ರೋಗ, ರಕ್ತದ ಕ್ಯಾನ್ಸರ್ ಇದ್ದರೆ ತೆಗೆದುಕೊಳ್ಳುವುದಿಲ್ಲ. 2006ರಲ್ಲಿ ಡಾ. ರಾಜ್‌ಕುಮಾರ್ ಅವರ ಕಣ್ಣುಗಳು ಹೀಗೆ ದಾನವಾದವು. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು.

ಇದ್ದವರ ಊಟ

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಸರಿ, ಆದರೆ ನೆರೆಮನೆಯವರು ತಂದ ಅನ್ನ, ಚಹಾ ಯಾರಿಗೆ ಮುಟ್ಟಿದೆ ಎಂದು ಒಬ್ಬರು ನೋಡಿಕೊಳ್ಳಬೇಕು. ತೀರಿಕೊಂಡ ಯಜಮಾನರ ಪಕ್ಕದಲ್ಲೇ ಕೂತ ಅಜ್ಜಿ ಬೆಳಗಿನ ಇನ್ಸುಲಿನ್ ತೆಗೆದುಕೊಂಡು, ಮಧ್ಯಾಹ್ನದವರೆಗೆ ಏನೂ ತಿನ್ನದೆ, ಸಮಾಧಿಗೆ ಹೊರಡುವ ಹೊತ್ತಿಗೆ ಎಚ್ಚರ ತಪ್ಪಿ ಬಿದ್ದದ್ದು ಇದೆ. ಜನ ದುಃಖವೆಂದುಕೊಂಡರು, ಅದು ಸಕ್ಕರೆ ಇಳಿದದ್ದು. ಸಕ್ಕರೆ, ಬಿಪಿ, ಹೃದಯದ ಗುಳಿಗೆ ಅಂದೂ ತಪ್ಪಬಾರದು. ಇನ್ಸುಲಿನ್ ತೆಗೆದುಕೊಂಡರೆ ಊಟ ಆಗಲೇಬೇಕು. ಬಸುರಿ, ಬಾಣಂತಿ, ಚಿಕ್ಕ ಮಕ್ಕಳಿಗೂ ಹಾಗೆಯೇ.

ಕಾಗದಪತ್ರ

ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕು. ಮನೆಯಲ್ಲಿ ಆದ ಮರಣವನ್ನು ತಿಳಿಸುವ ಹೊಣೆ ಮನೆಯ ಯಜಮಾನರದು. ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯಲ್ಲಿ, ಪಟ್ಟಣದಲ್ಲಾದರೆ ಪುರಸಭೆ, ನಗರಸಭೆ, ಪಾಲಿಕೆಯಲ್ಲಿ ವಿಚಾರಿಸಿರಿ. ಎಲ್ಲಿ ಸಮಾಧಿಯಾಯಿತು ಎಂಬುದಲ್ಲ, ಎಲ್ಲಿ ಉಸಿರು ನಿಂತಿತೋ ಆ ಊರಿನಲ್ಲೇ ನೋಂದಣಿ. ಮಗಳ ಮನೆ ಹುಬ್ಬಳ್ಳಿಯಲ್ಲಿ ತೀರಿಕೊಂಡವರನ್ನು ನವಲಗುಂದದಲ್ಲಿ ಮಣ್ಣು ಮಾಡಿದರೂ ಹೆಸರು ಬರೆಸುವುದು ಹುಬ್ಬಳ್ಳಿಯಲ್ಲಿ. 21 ದಿನದೊಳಗೆ ಬರೆಸಿದರೆ ಶುಲ್ಕವಿಲ್ಲ. 30 ದಿನದವರೆಗೆ ದಂಡ ಕಟ್ಟಿ ಬರೆಸಬಹುದು, ಆಮೇಲೆ ಒಂದು ವರ್ಷದವರೆಗೆ ಅಧಿಕಾರಿಗಳ ಅನುಮತಿ ಬೇಕು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ತರಬೇಕು, ಅಲ್ಲಿಗೆ ಅಲೆದಾಟ ಶುರು.

ಹೆಸರಿನ ಬಗ್ಗೆ ಎಚ್ಚರ. ಮನೆಯಲ್ಲಿ ಬಸವ್ವ, ಆಧಾರಿನಲ್ಲಿ ಬಸಮ್ಮ, ಪಹಣಿಯಲ್ಲಿ ಬಸಲಿಂಗವ್ವ. ಒಬ್ಬಳೇ ತಾಯಿ ಮೂರು ಕಾಗದದಲ್ಲಿ ಮೂವರಾಗಿ, ಪೌತಿ ಖಾತೆ ಮಾಡಿಸಲು, ಬ್ಯಾಂಕಿನ ಹಣ ಬಿಡಿಸಲು ಮಕ್ಕಳು ವರ್ಷಗಟ್ಟಲೆ ಅಲೆಯುತ್ತಾರೆ. ಆಧಾರ್ ಕಾರ್ಡು ಮುಂದಿಟ್ಟುಕೊಂಡು ಅಕ್ಷರ ಅಕ್ಷರ ಸರಿಯಾಗಿ ಬರೆಸಿರಿ. ಮುದ್ರಿತ ಪತ್ರ ಕೈಗೆ ಬಂದ ಮೇಲೆ ಅಲ್ಲಿಯೇ ನಿಂತು ಓದಿ ನೋಡಿರಿ.

ಮೊದಲೇ ಕೇಳಿಟ್ಟುಕೊಳ್ಳುವುದು

ವಿಜಯಪುರದ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮೀಜಿಯವರು 2023ರ ಜನವರಿ 2ರಂದು ಲಿಂಗೈಕ್ಯರಾದರು. ತಮ್ಮ ಶರೀರವನ್ನು ಸಮಾಧಿ ಮಾಡದೆ ಅಗ್ನಿಗೆ ಅರ್ಪಿಸಬೇಕು, ಚಿತಾಭಸ್ಮವನ್ನು ನೀರಿಗೆ ಬಿಡಬೇಕು, ಸ್ಮಾರಕ ಕಟ್ಟಬಾರದು ಎಂದು ಅವರು 2014ರಲ್ಲೇ ಬರೆದಿಟ್ಟಿದ್ದರು. ಲಕ್ಷಾಂತರ ಭಕ್ತರು ಸೇರಿದ್ದ ಆ ದಿನ ಹೇಗೆ ಮಾಡಬೇಕೆಂಬ ಗೊಂದಲ ಏಳಲಿಲ್ಲ, ಅವರು ಬರೆದಂತೆಯೇ ನಡೆಯಿತು. ನಮ್ಮ ಮನೆಗಳಲ್ಲಿ ಶರೀರ ಪಡಸಾಲೆಯಲ್ಲಿರುವಾಗಲೇ ಅಣ್ಣತಮ್ಮಂದಿರು ಎಲ್ಲಿ, ಹೇಗೆ ಎಂದು ದನಿ ಎತ್ತುತ್ತಾರೆ.

ಕೇಳುವುದು ಅಪಶಕುನವೆಂದು ನಾವು ಸುಮ್ಮನಿರುತ್ತೇವೆ. ಆದರೆ ಎಷ್ಟೋ ರೋಗಿಗಳು ರಾತ್ರಿ ಪಾಳಿಯಲ್ಲಿ ನನ್ನ ಬಳಿ ಹೇಳಿದ್ದಾರೆ: "ನನ್ನ ಹೊಲದಾಗ ಇಡ್ರಿ ಅಂತ ಮಗಗ ಹೇಳಬೇಕಂತೀನಿ, ಅಂವ ಮಾತು ಹಾರಸ್ತಾನ." ಅವರಿಗೆ ಹೇಳುವುದಿದೆ, ಕೇಳುವವರಿಲ್ಲ. "ಅಪ್ಪಾ, ನಿಮ್ಮ ಮನಸ್ಸಿನಾಗ ಏನರ ಐತೇನು?" ಎಂದು ಪಕ್ಕದಲ್ಲಿ ಕೂತು ಕೇಳಿ, ಅವರು ಹೇಳುವವರೆಗೆ ಸುಮ್ಮನೆ ಕಾಯಿರಿ.

ಮನೆಗೆ ಕರೆದುಕೊಂಡು ಹೋಗುವ ದಿನ ವಾರ್ಡಿನ ಸಿಸ್ಟರ್ ಬಳಿ ಬನ್ನಿರಿ. ಕಾಯಿಲೆಯ ಹೆಸರು, ಇನ್ನು ಗುಣವಾಗುವಂತಿಲ್ಲ ಎಂಬ ಮಾತು ಡಿಸ್ಚಾರ್ಜ್ ಕಾರ್ಡಿನಲ್ಲಿ ಸ್ಪಷ್ಟವಾಗಿ ಬರೆದಿದೆಯೇ ನೋಡಿಕೊಳ್ಳಿರಿ. ರಾತ್ರಿ ಕರೆಯಬಹುದಾದ ವೈದ್ಯರ ನಂಬರು, ಹತ್ತಿರದ ನೇತ್ರ ಬ್ಯಾಂಕಿನ ನಂಬರು ಕಾರ್ಡಿನ ಹಿಂದೆ ಬರೆಸಿಕೊಳ್ಳಿರಿ. ಮೂತ್ರದ ನಳಿಕೆ ಇದ್ದರೆ 10 ಎಂಎಲ್ ಸಿರಿಂಜು ಒಂದನ್ನು ಕೇಳಿ ಪಡೆದು, ಬಲೂನಿನ ನೀರು ತೆಗೆಯುವುದನ್ನು ನಮ್ಮ ಎದುರೇ ಒಮ್ಮೆ ಕಲಿತುಕೊಂಡು ಹೋಗಿರಿ.